ನಿಧಿ ಪುಸ್ತಕದ ಮೇಲಿರುವ ಹೆಸರು ಅಸಲಿನಾ? ಹುಡುಕಿ ಹೋದವರ ಅನುಭವ

ಕೇಳಿದವರು:

ನನ್ನ ಹತ್ತಿರ ಒಂದು ಹಳೆಯ ನಿಧಿ ಪುಸ್ತಕ ಇದೆ. ಚಿತ್ರ ನೋಡಿ, ಪದ್ಯ ಓದಿ, ಕೂತಲ್ಲೇ ಸುಳಿವು ಬಿಡಿಸಿ, ಎಲ್ಲೋ ಹೂತಿಟ್ಟ ಪೆಟ್ಟಿಗೆಯ ಜಾಗ ಕಂಡುಹಿಡಿಯಬೇಕು, ಆ ಥರದ್ದು. ಬಹುಮಾನದ ಗಡುವು ಎಂದೋ ಮುಗಿದಿದೆ. ಆದರೂ ಬಿಡಲು ಮನಸ್ಸಿಲ್ಲ. ಈಗ ನನ್ನ ತಲೆ ತಿನ್ನುತ್ತಿರುವುದು ನಿಧಿಯಲ್ಲ, ಲೇಖಕ. ಮುಖಪುಟದ ಮೇಲೆ ಒಂದೇ ಪದದ ಹೆಸರಿದೆ. ಹೆತ್ತವರು ಇಟ್ಟ ಹೆಸರಂತೂ ಅಲ್ಲ. ಆ ಹೆಸರಲ್ಲಿ ಬೇರೆ ಪುಸ್ತಕವೂ ಇಲ್ಲ. ಚಿತ್ರಕಾರರ ಹೆಸರು ಮಾತ್ರ ನೆಟ್ಟಗೆ ಇದೆ. ಒಬ್ಬ ಪ್ರಸಿದ್ಧ ಪದಬಂಧಕಾರರೇ ಇದನ್ನು ಬರೆದಿದ್ದಾರೆ ಅಂತ ನನಗೆ ಬಲವಾದ ಅನುಮಾನ. ಹೀಗೆ ಅಸಲಿ ಲೇಖಕರನ್ನು ಹುಡುಕಿ ಹೋದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಿದಿರಿ? ಗೊತ್ತಾದ ಮೇಲೆ ಒಗಟಿಗೆ ಏನಾದರೂ ಉಪಯೋಗ ಆಯ್ತಾ?

ಉತ್ತರ 1:

ಒಳಮುಖಪುಟದ ಹಿಂಬದಿ ನೋಡಿದ್ರಾ? ನಗಬೇಡಿ. ನಾನು ಎರಡು ತಿಂಗಳು ಪದ್ಯಗಳ ಮೊದಲಕ್ಷರ ಜೋಡಿಸಿ, ಕೊನೆಯಕ್ಷರ ಜೋಡಿಸಿ, ಲೇಖಕರ ಹೆಸರು ಹುಡುಕಿದ್ದೆ. ಹೆಸರು ಕಾಪಿರೈಟ್ ಸಾಲಿನಲ್ಲೇ ಇರುವೆಯಷ್ಟು ಸಣ್ಣಕ್ಷರದಲ್ಲಿ ಕೂತಿತ್ತು.

ಪುಸ್ತಕ ಅಮೆರಿಕದ್ದಾದರೆ ಇನ್ನೂ ಸುಲಭ. ಅಲ್ಲಿನ ಕಾಪಿರೈಟ್ ಕಚೇರಿಯ 1978ರಿಂದೀಚಿನ ನೋಂದಣಿಗಳನ್ನು ಮನೆಯಲ್ಲೇ ಕೂತು ಹುಡುಕಬಹುದು. ಬರಹ ಯಾರದು, ಚಿತ್ರ ಯಾರದು ಎಂದು ಬೇರೆ ಬೇರೆ ನಮೂದಾಗಿರುತ್ತದೆ. ಲೇಖಕರು ಗುಪ್ತನಾಮದಲ್ಲಿ ಬರೆದಿದ್ದರೆ ಕೆಲವೊಮ್ಮೆ ಪಕ್ಕದಲ್ಲೇ ನಿಜನಾಮವೂ ಸಿಗುತ್ತದೆ. ಬ್ರಿಟನ್‌ನಲ್ಲಿ ಕಾಪಿರೈಟ್ ಪಡೆಯಲು ನೋಂದಣಿ ಬೇಕಿಲ್ಲ, ಹಾಗಾಗಿ ಆ ದಾರಿ ಇಲ್ಲ. ಆದರೆ 1988ರ ಕಾಯ್ದೆ ಬಂದ ಮೇಲಿನ ಬ್ರಿಟಿಷ್ ಪುಸ್ತಕಗಳಲ್ಲಿ 'ಈ ಕೃತಿಯ ಲೇಖಕರೆಂದು ಗುರುತಿಸಿಕೊಳ್ಳುವ ಹಕ್ಕು ಇಂಥವರದು' ಎಂಬ ಅರ್ಥದ ಸಾಲೊಂದು ಇರುತ್ತದೆ. ಮುಖಪುಟದಲ್ಲಿ ಮುಸುಕು ಹಾಕಿಕೊಂಡವರು ಈ ಸಾಲಿನಲ್ಲಿ ಮುಖ ತೋರಿಸಿದ್ದನ್ನು ನಾನು ನೋಡಿದ್ದೇನೆ. ದೊಡ್ಡ ಗ್ರಂಥಾಲಯಗಳ ಕ್ಯಾಟಲಾಗ್‌ನಲ್ಲೂ ಗುಪ್ತನಾಮ ಹಾಕಿ ನೋಡಿ, ಅಸಲಿ ಹೆಸರಿಗೆ ಕೊಂಡಿ ಇರಬಹುದು.

ಇದು ಅರ್ಧ ದಿನದ ಕೆಲಸ. ಪತ್ತೇದಾರಿಕೆ ಆಮೇಲೆ.

ಉತ್ತರ 2:

ನಾನು ಈ ಚಟಕ್ಕೆ ಬಿದ್ದಿದ್ದು ಬೀಲ್ ನಿಧಿಯ ಕಿರುಹೊತ್ತಿಗೆಯಿಂದ. ಗೊತ್ತಿಲ್ಲದವರಿಗೆ ಎರಡು ಮಾತು. 1885ರಲ್ಲಿ ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಇದು ಅಚ್ಚಾಯಿತು. ಬೆಲೆ 50 ಸೆಂಟ್. ಥಾಮಸ್ ಬೀಲ್ ಎಂಬಾತ 1820ರ ಸುಮಾರಿಗೆ ಬೆಡ್‌ಫೋರ್ಡ್ ಕೌಂಟಿಯಲ್ಲಿ ಚಿನ್ನ, ಬೆಳ್ಳಿ ಹೂತಿಟ್ಟನಂತೆ. ಮೂರು ಹಾಳೆ ತುಂಬ ಬರೀ ಅಂಕಿಗಳಲ್ಲಿ ವಿವರ ಬರೆದು, ಪೆಟ್ಟಿಗೆಯಲ್ಲಿಟ್ಟು, ಒಬ್ಬ ವಸತಿಗೃಹದ ಮಾಲೀಕನಿಗೆ ಕೊಟ್ಟು, ಮತ್ತೆ ಬರಲೇ ಇಲ್ಲವಂತೆ. ಎರಡನೇ ಹಾಳೆ ಮಾತ್ರ ಬಿಡಿಸಲಾಗಿದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪದಗಳಿಗೆ ಸಾಲಾಗಿ ನಂಬರ್ ಹಾಕಿ, ಹಾಳೆಯ ಅಂಕಿಗೆ ಸರಿಯಾದ ಪದದ ಮೊದಲಕ್ಷರ ತೆಗೆದುಕೊಂಡರೆ ಸಾಕು. ಬರೆದವರ ಹೆಸರು ಎಲ್ಲೂ ಇಲ್ಲ. ಜೇಮ್ಸ್ ವಾರ್ಡ್ ಎಂಬಾತ ಲೇಖಕರ ಪರವಾಗಿ ಪ್ರಕಟಿಸಿದ್ದು, ಅಷ್ಟೇ.

ವಚನವಾದರೆ ಅಂಕಿತ ನೋಡಿ ಇಂಥವರದು ಅಂದುಬಿಡಬಹುದು (ಅಲ್ಲೂ ಜಗಳ ತಪ್ಪಿಲ್ಲ, ಬಿಡಿ). ಇಲ್ಲಿ ಭಾಷೆಯನ್ನೇ ಹಿಡಿದು ಜಗ್ಗಬೇಕು. ನನಗೆ ತುಂಬ ಹಿಡಿಸಿದ್ದು ಒಂದೇ ಒಂದು ಪದ. 1822ರ ಜನವರಿಯಲ್ಲಿ ಬೀಲ್ ಬರೆದ ಎನ್ನಲಾದ ಕಾಗದದಲ್ಲಿ 'ಸ್ಟಾಂಪೀಡ್' ಎಂಬ ಮಾತಿನ ರೂಪವಿದೆ, ಕಾಡೆಮ್ಮೆ ಹಿಂಡು ದಿಕ್ಕೆಟ್ಟು ನುಗ್ಗುವುದಕ್ಕೆ. ಆ ಪದ ಇಂಗ್ಲಿಷ್ ಅಚ್ಚಿನಲ್ಲಿ ಕಾಣಿಸಿಕೊಂಡಿದ್ದು ಆ ತಾರೀಖಿನ ನಂತರವೇ ಅನ್ನುತ್ತಾರೆ. ಅಂದ ಮೇಲೆ ಕಾಗದ ಬರೆದವರು ಯಾರು? 1982ರಲ್ಲಿ ಜೋ ನಿಕೆಲ್ ಎಂಬ ಸಂಶೋಧಕರು ಬೀಲ್‌ನ ಕಾಗದಗಳನ್ನೂ ಹೆಸರಿಲ್ಲದ ಲೇಖಕನ ಬರಹವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ, ಎರಡೂ ಒಂದೇ ಕೈ ಎಂದು ವಾದಿಸಿದರು. ಬೊಟ್ಟು ಮಾಡಿದ್ದು ವಾರ್ಡ್ ಕಡೆಗೆ.

ಅದಕ್ಕೂ ಎರಡು ವರ್ಷ ಮೊದಲು ಸಂಕೇತಲಿಪಿ ತಜ್ಞ ಜೇಮ್ಸ್ ಗಿಲೋಗ್ಲಿ ಇನ್ನೊಂದು ತಮಾಷೆ ಕಂಡುಹಿಡಿದಿದ್ದರು. ಇನ್ನೂ ಬಿಡಿಸಲಾಗದ ಮೊದಲ ಹಾಳೆಗೂ ಅದೇ ಸ್ವಾತಂತ್ರ್ಯ ಘೋಷಣೆಯನ್ನು ಹಚ್ಚಿದರೆ ಎಲ್ಲ ಕಲಸುಮೇಲೋಗರ. ಆದರೆ ನಡುವೆ ಒಂದು ಕಡೆ ಹೀಗೆ ಬರುತ್ತದೆ: ಎ ಬಿ ಎಫ್ ಡಿ ಇ ಎಫ್ ಜಿ ಎಚ್ ಐ ಐ ಜೆ ಕೆ ಎಲ್ ಎಂ ಎಂ ಎನ್ ಒ ಎಚ್ ಪಿ ಪಿ. ಬೆರಳಿಟ್ಟು ಓದಿ. ಹೆಚ್ಚುಕಮ್ಮಿ ಅಕ್ಷರಮಾಲೆಯೇ ಅಲ್ವಾ? ಗುಟ್ಟು ಅಡಗಿಸುವವನು ಹೀಗೆ ಬರೆಯುವುದಿಲ್ಲ. ಹಾಳೆ ತುಂಬಿಸಬೇಕಾದವನು, ಬೇಸರ ಬಂದು, ಘೋಷಣೆಯಲ್ಲಿ ಎ ಇಂದ ಶುರುವಾಗುವ ಪದ, ಬಿ ಇಂದ ಶುರುವಾಗುವ ಪದ ಅಂತ ಸುಮ್ನೆ ಆರಿಸುತ್ತಾ ಹೋದ ಹಾಗಿದೆ. ಇದು ನನ್ನ ಓದು. ಇಲ್ಲ, ಅದರ ಮೇಲೆ ಇನ್ನೊಂದು ಸಂಕೇತ ಹೊದಿಸಿದ್ದಾರೆ ಅನ್ನುವವರೂ ಇದ್ದಾರೆ.

ನಿಮ್ಮ ಪದಬಂಧಕಾರರ ಬಗ್ಗೆ ಒಂದು ಮಾತು. ಬೀಲ್ ಕಥೆಗೂ ಒಬ್ಬ ದೊಡ್ಡ ಹೆಸರನ್ನು ಅಂಟಿಸಿದವರಿದ್ದಾರೆ: ರಹಸ್ಯ ಕಥೆಗಳ ಅಮೆರಿಕನ್ ಲೇಖಕ ಎಡ್ಗರ್ ಅಲನ್ ಪೋ. ಸಂಕೇತ, ನಿಧಿ, ವರ್ಜೀನಿಯಾ ಎಲ್ಲ ಚೆನ್ನಾಗಿ ಹೊಂದುತ್ತದೆ. ಆದರೆ ಪೋ ತೀರಿಕೊಂಡಿದ್ದು 1849ರಲ್ಲಿ. ಆತ ಸತ್ತು ಹನ್ನೆರಡು ವರ್ಷದ ಮೇಲೆ ಶುರುವಾದ ಅಮೆರಿಕದ ಅಂತರ್ಯುದ್ಧದ ಮಾತು ಆ ಹೊತ್ತಿಗೆಯಲ್ಲೇ ಬರುತ್ತದೆ. ಸತ್ತ ಮೇಲೆ ಬರೆದುಕೊಟ್ಟನೇ? ದೊಡ್ಡ ಹೆಸರು ತಲೆಗೆ ಹೊಕ್ಕರೆ ತಾರೀಖೂ ಕಣ್ಣಿಗೆ ಬೀಳುವುದಿಲ್ಲ.

ಕೇಳಿದವರು:

ಭಾಷೆ ಹೋಲಿಸುವ ಕೆಲಸ ನನಗೆ ಹಿಡಿಸಿತು. ಪದ್ಯಗಳನ್ನೆಲ್ಲ ಟೈಪ್ ಮಾಡಿ ಪದ ಎಣಿಸಲು ಶುರು ಮಾಡ್ತೀನಿ.

ಉತ್ತರ 2, ಮತ್ತೆ:

ಅಯ್ಯೋ, ಪದ್ಯ ಬೇಡ! ಅದೇ ತಪ್ಪು ನಾನೂ ಮಾಡಿದ್ದು, ಬೇರೆ ಒಂದು ಪುಸ್ತಕದ ಮೇಲೆ. ಮೂರು ವಾರ ಎಣಿಸಿದೆ. ಸುಳಿವು ಅಡಗಿಸಿದ ಪದ್ಯದಲ್ಲಿ ಲೇಖಕನ ಕೈ ಕಟ್ಟಿಹಾಕಿರುತ್ತದೆ. ಆ ಸಾಲಿಗೆ ಏಳಕ್ಷರದ ಪದವೇ ಬೇಕು, ಎಂ ಇಂದಲೇ ಶುರುವಾಗಬೇಕು ಅಂದಾಗ ಅವನಿಗೆ ಇಷ್ಟದ ಪದ ಹಾಕಲು ಆಗುವುದಿಲ್ಲ. ಅಲ್ಲಿ ಸಿಗುವುದು ಒಗಟಿನ ಶೈಲಿ, ಮನುಷ್ಯನದಲ್ಲ. ಸುಳಿವು ಇರದ ಜಾಗ ನೋಡಿ: ಮುನ್ನುಡಿ, ಬಹುಮಾನದ ನಿಯಮಗಳು, ಕೃತಜ್ಞತೆ. ಅಲ್ಲಿ ಆತ ಮೈಮರೆತು ಬರೆದಿರುತ್ತಾನೆ. ನಿಯಮದ ಪುಟವನ್ನು ವಕೀಲರು ಬರೆದಿರುವ ಸಾಧ್ಯತೆಯೂ ಉಂಟು, ಅದು ಬೇರೆ ಮಾತು.

ಕಾಗುಣಿತವನ್ನೂ ಜಾಸ್ತಿ ನಂಬಬೇಡಿ, ಎಡಿಟರ್ ತಿದ್ದಿರುತ್ತಾರೆ. ಆದರೆ ಚಿತ್ರದೊಳಗೆ ಕುಂಚದಲ್ಲಿ ಬರೆದ ಅಕ್ಷರಗಳ ಮೇಲೆ ಎಡಿಟರ್ ಕೆಂಪು ಪೆನ್ನು ಆಡಿಸುವುದು ಕಷ್ಟ. ಅವನ್ನು ಭೂತಗನ್ನಡಿ ಇಟ್ಟು ನೋಡಿ.

ಉತ್ತರ 3:

ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು ಅನ್ನಿಸುತ್ತೆ. 'ಯಾರು ಬರೆದರು' ಅಂದರೆ ಒಬ್ಬರೇ ಇದ್ದಾರೆ ಅಂತ ಮೊದಲೇ ಒಪ್ಪಿಕೊಂಡ ಹಾಗೆ. ಈ ಪುಸ್ತಕಗಳಲ್ಲಿ ಒಗಟು ಹೆಣೆದವರು, ವಾಕ್ಯ ಬರೆದವರು, ಚಿತ್ರ ಬಿಡಿಸಿದವರು, ಗುಂಡಿ ತೋಡಿದವರು ಬೇರೆ ಬೇರೆ ಇರಬಹುದು.

ನಾನು ವರ್ಷಗಟ್ಟಲೆ ಬೆನ್ನು ಹತ್ತಿದ್ದು ಫ್ರಾನ್ಸಿನ ಚಿನ್ನದ ಗೂಬೆಯನ್ನು. 1993ರ ಪುಸ್ತಕ, ಹನ್ನೊಂದು ಒಗಟು. ಲೇಖಕ ಮ್ಯಾಕ್ಸ್ ವ್ಯಾಲೆಂಟಿನ್. ಆ ಹೆಸರಿನ ಹಿಂದೆ ಇದ್ದವರು ರೆಜಿಸ್ ಹೌಸರ್. ಚಿತ್ರ ಬಿಡಿಸಿ ಗೂಬೆ ಮಾಡಿದವರು ಮಿಶೆಲ್ ಬೆಕರ್. ನಾನೇನು ಮಾಡಿದೆ ಗೊತ್ತಾ? ಬೆಕರ್ ಎಲ್ಲಿ ಓಡಾಡಿದರು, ಹಿಂದೆ ಏನು ಬಿಡಿಸಿದ್ದರು ಅಂತ ಒಂದು ನೋಟ್‌ಬುಕ್ ತುಂಬಿಸಿದೆ. ಆಮೇಲೆ ತಿಳಿಯಿತು, ಚಿತ್ರ ಬಿಡಿಸುವಾಗ ಅವರಿಗೆ ಉತ್ತರವೇ ಗೊತ್ತಿರಲಿಲ್ಲ. ವ್ಯಾಲೆಂಟಿನ್ ಹೇಳಿದ ಹಾಗೆ ಬಿಡಿಸಿದ್ದರು. ನನ್ನ ನೋಟ್‌ಬುಕ್ ನೀರಿನಲ್ಲಿಟ್ಟ ಹೋಮ. ವ್ಯಾಲೆಂಟಿನ್ ಮಿನಿಟೆಲ್‌ನಲ್ಲಿ ಓದುಗರ ಸಾವಿರಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರು. (ಮಿನಿಟೆಲ್ ಅಂದರೆ ಫೋನ್ ತಂತಿಗೆ ಜೋಡಿಸಿದ ಸಣ್ಣ ಪರದೆ, ಇಂಟರ್ನೆಟ್‌ಗಿಂತ ಮುಂಚೆ ಅಲ್ಲಿ ಮನೆಮನೆಯಲ್ಲಿತ್ತು.) ಅವರ ನಿಜವಾದ ಹೆಸರು ತಿಳಿದವರಿಗಿಂತ ಆ ಉತ್ತರಗಳನ್ನು ಕೂತು ಓದಿದವರಿಗೆ ಒಗಟಿನ ಬಗ್ಗೆ ಹೆಚ್ಚು ಗೊತ್ತಿತ್ತು. ಅವರು 2009ರಲ್ಲಿ ತೀರಿಕೊಂಡರು. ಗೂಬೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಸಿಕ್ಕಿದ್ದು ನನಗಲ್ಲ ಅಂತ ಬೇರೆ ಹೇಳಬೇಕಾ?

1982ರ 'ದಿ ಸೀಕ್ರೆಟ್' ಎಂಬ ಅಮೆರಿಕದ ನಿಧಿ ಪುಸ್ತಕದ ಕಥೆಯೂ ಅಷ್ಟೇ. ಮುಂದೆ ನಿಲ್ಲುವ ಹೆಸರು ಬೈರನ್ ಪ್ರೈಸ್. ಆದರೆ ಒಳಗಿನ ನಗೆಬರಹ ಷಾನ್ ಕೆಲ್ಲಿ ಮತ್ತು ಟೆಡ್ ಮ್ಯಾನ್ ಅವರದು, ಹನ್ನೆರಡು ಮುಖ್ಯ ಚಿತ್ರಗಳು ಜಾನ್ ಜೂಡ್ ಪಾಲೆನ್ಕಾರ್ ಅವರದು. ಹನ್ನೆರಡು ಪೆಟ್ಟಿಗೆ ಹೂತಿಟ್ಟವರು ಪ್ರೈಸ್. ಹೊಸಬರು ನಗೆಬರಹದಲ್ಲಿ ಸುಳಿವು ಹುಡುಕಿ ಸುಸ್ತಾಗುತ್ತಾರೆ. ಪ್ರೈಸ್ 2005ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಹನ್ನೆರಡರಲ್ಲಿ ಸಿಕ್ಕಿರುವುದು ಮೂರೇ: ಶಿಕಾಗೊ, ಕ್ಲೀವ್‌ಲ್ಯಾಂಡ್, ಬಾಸ್ಟನ್.

ಹಾಗಾಗಿ ನಿಮ್ಮ ಪುಸ್ತಕದಲ್ಲಿ ಚಿತ್ರಕಾರರ ಹೆಸರು ಇದೆ ಅಂದಾಕ್ಷಣ ಅವರ ಬೆನ್ನು ಬೀಳಬೇಡಿ.

ಉತ್ತರ 4:

ನನ್ನದು ಬೇರೆ ಥರದ ಅನುಭವ, ಹೇಳಲು ನಾಚಿಕೆ. ಹೀಗೇ ಅನುಮಾನ ಗಟ್ಟಿಯಾಗಿ, ಒಬ್ಬ ನಿವೃತ್ತ ಅಧ್ಯಾಪಕರೇ ಲೇಖಕರು ಅಂತ ತೀರ್ಮಾನಿಸಿ ಅವರಿಗೆ ಪತ್ರ ಬರೆದೆ. 'ಗುಟ್ಟು ಗೊತ್ತಾಗಿದೆ ಸಾರ್' ಅನ್ನುವ ಧಾಟಿಯಲ್ಲಿ. ಅವರು ಪಾಪ, ಮರ್ಯಾದೆಯಿಂದಲೇ ಉತ್ತರಿಸಿದರು. ಆ ಪುಸ್ತಕವನ್ನು ಅವರು ನೋಡಿಯೂ ಇರಲಿಲ್ಲ. ನನಗಿಂತ ಮೊದಲೇ ಹಲವರು ಹೀಗೇ ಬರೆದಿದ್ದರಂತೆ, ಒಬ್ಬರು ಮನೆ ಬಾಗಿಲಿಗೂ ಬಂದಿದ್ದರಂತೆ. ಅವರ ಮೇಲಿದ್ದ ಸಾಕ್ಷಿ ಏನು? ಪುಸ್ತಕದ ಒಂದು ಚಿತ್ರದಲ್ಲಿರುವ ಸೇತುವೆ ಅವರ ಊರಿನದು.

ಹೊಂದಾಣಿಕೆ ಬೇಕು ಅಂದರೆ ಎಲ್ಲಿ ಬೇಕಾದರೂ ಸಿಗುತ್ತದೆ. ಬೀಲ್ ನಿಧಿ ಇದೆ ಅನ್ನುವುದು ಬೆಡ್‌ಫೋರ್ಡ್ ಕೌಂಟಿಯಲ್ಲಿ. 1979ರಲ್ಲಿ 'ಮಾಸ್ಕ್ವೆರೇಡ್' ಎಂಬ ತಮ್ಮ ನಿಧಿ ಪುಸ್ತಕಕ್ಕಾಗಿ ಕಿಟ್ ವಿಲಿಯಮ್ಸ್ ಚಿನ್ನದ ಮೊಲ ಹೂತಿಟ್ಟಿದ್ದು ಇಂಗ್ಲೆಂಡಿನ ಬೆಡ್‌ಫೋರ್ಡ್‌ಶೈರಿನ ಆಂಪ್ಟ್‌ಹಿಲ್‌ನಲ್ಲಿ. ಆಹಾ! ಇಷ್ಟರ ಮೇಲೆ ಒಂದು ಪುಸ್ತಕವನ್ನೇ ಬರೆಯಬಹುದು. ಎರಡಕ್ಕೂ ಏನೂ ಸಂಬಂಧವಿಲ್ಲ.

ಆ ಮೊಲದ ವಿಷಯದಲ್ಲಿ ಲೇಖಕರ ಹೆಸರು ಅಸಲಿಯೇ. ನಕಲಿ ಇದ್ದಿದ್ದು ಗೆದ್ದವನ ಹೆಸರು. 1982ರಲ್ಲಿ 'ಕೆನ್ ಥಾಮಸ್' ಎಂಬಾತ ಮೊಲ ತೆಗೆದುಕೊಂಡು ಹೋದ. ಅದು ಸುಳ್ಳು ಹೆಸರು, ಅವನ ವ್ಯವಹಾರದ ಪಾಲುದಾರನಿಗೆ ವಿಲಿಯಮ್ಸ್ ಅವರ ಹಳೆಯ ಗೆಳತಿಯ ಪರಿಚಯವಿತ್ತು ಅಂತ ಸಂಡೇ ಟೈಮ್ಸ್ ಪತ್ರಿಕೆ ಬಯಲು ಮಾಡಿದ್ದು 1988ರಲ್ಲಿ. ಸರಿಯಾದ ದಾರಿಯಲ್ಲಿ, ಚಿತ್ರದ ಪ್ರಾಣಿ ಮನುಷ್ಯರ ಕಣ್ಣಿನಿಂದ ಉದ್ದದ ಬೆರಳಿನ ತುದಿ ದಾಟಿ ಅಂಚಿನ ಅಕ್ಷರಕ್ಕೆ ಗೆರೆ ಎಳೆದು ಉತ್ತರ ಕಂಡವರು ಇಬ್ಬರು ಭೌತಶಾಸ್ತ್ರದ ಮೇಷ್ಟ್ರುಗಳು. ಅವರಿಗೆ ಲೇಖಕರ ಜಾತಕ ಬೇಕಾಗಲಿಲ್ಲ, ಒಂದು ಸ್ಕೇಲ್ ಸಾಕಾಯಿತು.

ಉತ್ತರ 5:

ಲೇಖಕರು ಗೊತ್ತಾದರೆ ಉಪಯೋಗವೇ ಇಲ್ಲ ಅನ್ನುವುದನ್ನು ನಾನು ಒಪ್ಪಲ್ಲ. 1934ರ 'ಕೇನ್ಸ್ ಜಾಬೋನ್' ತಗೊಳ್ಳಿ. ನೂರು ಪುಟದ ಕೊಲೆ ಕಥೆ, ಪುಟಗಳ ಕ್ರಮ ಬೇಕಂತಲೇ ಕಲಸಿದ್ದು. ಹೂತಿಟ್ಟ ನಿಧಿ ಇಲ್ಲ, ಆದರೆ ಜಾತಿ ಅದೇ. ಹೆಸರು ಹಾಕಿಕೊಂಡವರು ಟೊರ್ಕೆಮಾಡ, ಅಂದರೆ ಅಬ್ಸರ್ವರ್ ಪತ್ರಿಕೆಯ ಪದಬಂಧಕಾರ ಎಡ್ವರ್ಡ್ ಪೋಯಿಸ್ ಮ್ಯಾಥರ್ಸ್. ಅವರು ಅನುವಾದಕರೂ ಹೌದು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಬಿಲ್ಹಣನ ಹೆಸರಲ್ಲಿರುವ 'ಚೌರಪಂಚಾಶಿಕಾ'ವನ್ನು ಇಂಗ್ಲಿಷಿಗೆ ತಂದವರು ಇವರೇ! ಇದು ತಿಳಿದ ದಿನ ನಾನು ಆ ಪುಟಗಳನ್ನು ಬೇರೆ ಥರ ಓದಿದೆ. ನಡುನಡುವೆ ವಿಚಿತ್ರ ಅನ್ನಿಸುತ್ತಿದ್ದ ಸಾಲುಗಳು ಹಳೆಯ ಕವಿತೆಗಳಿಂದ ಎತ್ತಿದ್ದು ಅಂತ ಹೊಳೆಯತೊಡಗಿತು. ನನಗೆ ಬೇಕಾಗಿದ್ದು ಲೇಖಕರ ವಿಳಾಸವಲ್ಲ, ಅವರ ಪುಸ್ತಕದ ಕಪಾಟು.

ನಿಮ್ಮ ಪದಬಂಧಕಾರರೇ ಬರೆದಿದ್ದಾರೆ ಅಂತ ಒಂದು ವಾರದ ಮಟ್ಟಿಗೆ ನಂಬಿ. ಅವರ ಹಳೆಯ ಪದಬಂಧಗಳನ್ನು ಬಿಡಿಸಿ. ಪದ ಒಡೆಯುವ, ಅಕ್ಷರ ಕಲಸುವ ಅದೇ ಚಾಳಿ ನಿಮ್ಮ ಪುಸ್ತಕದಲ್ಲಿ ಕಂಡರೆ ಮುಂದುವರಿಸಿ. ಇಲ್ಲದಿದ್ದರೆ ಬಿಡಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಕಾಪಿರೈಟ್ ಸಾಲಿನಲ್ಲಿ ಪ್ರಕಾಶನದ ಹೆಸರು ಮಾತ್ರ ಇದೆ, ಆ ಬಾಗಿಲು ಮುಚ್ಚಿತು. ಭೂತಗನ್ನಡಿ ಮಾತ್ರ ಕೆಲಸ ಮಾಡಿತು. ಪದ್ಯಗಳಲ್ಲಿ, ಮುನ್ನುಡಿಯಲ್ಲಿ ಬೂದು ಬಣ್ಣಕ್ಕೆ 'ಗ್ರೇ' ಅಂತ ಬರೆಯುವಾಗ ಉದ್ದಕ್ಕೂ ಬ್ರಿಟಿಷರ ಹಾಗೆ ಇ ಅಕ್ಷರ ಇದೆ. ಒಂಬತ್ತನೇ ಚಿತ್ರದ ಅಂಚಿನಲ್ಲಿ ಕುಂಚದಲ್ಲಿ ಬರೆದಿರುವಲ್ಲಿ ಅದೇ ಪದಕ್ಕೆ ಅಮೆರಿಕದವರ ಹಾಗೆ ಎ ಇದೆ. ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಾನು ಅನುಮಾನಪಟ್ಟ ಪದಬಂಧಕಾರರೂ ಬ್ರಿಟಿಷ್, ಈ ಚಿತ್ರಕಾರರೂ ಬ್ರಿಟಿಷ್. ಹಾಗಾದರೆ ಆ ಎ ಯಾರದು? ಅಥವಾ ಅದೇ ಸುಳಿವಾ? ಒಂಬತ್ತನೇ ಚಿತ್ರದ ಅಂಚನ್ನು ಮೊದಲಿನಿಂದ ಮತ್ತೆ ಬರೆದುಕೊಳ್ಳುತ್ತಾ ಕೂತಿದ್ದೇನೆ.