ನವೆಂಬರಿನಲ್ಲೂ ಟಾರ್ನೇಡೋ ಬರುತ್ತಾ ಸರ್? ಟೆಕ್ಸಾಸಿನ ಡಲ್ಲಾಸ್ ಕಡೆಯ ಕನ್ನಡಿಗರ ಪ್ರಶ್ನೆ, ಎಂಜಿನಿಯರ್ ಉತ್ತರ

ಪ್ರಶ್ನೆ (ಫ್ರಿಸ್ಕೋದಿಂದ):
ಎಲ್ಲರಿಗೂ ನಮಸ್ಕಾರ. ನಮ್ಮೂರು ಹುಬ್ಬಳ್ಳಿ, ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ನಿನ್ನೆ ರಾತ್ರಿ ಊಟಕ್ಕೆ ಕೂತಿದ್ದಾಗ ಮನೆಯ ಮೂರು ಫೋನೂ ಒಟ್ಟಿಗೆ ಕಿರುಚಿಕೊಂಡವು. ಟಾರ್ನೇಡೋ ವಾರ್ನಿಂಗ್ ಅಂತೆ, ಅಂದರೆ ಸುಂಟರಗಾಳಿಯ ಎಚ್ಚರಿಕೆ. ನವೆಂಬರಿನಲ್ಲಿ! ಬಂದ ಹೊಸದರಲ್ಲಿ ಎಲ್ಲರೂ "ಏಪ್ರಿಲ್, ಮೇ ದಾಟಿಸಿಬಿಡಿ, ಆಮೇಲೆ ಭಯ ಇಲ್ಲ" ಅಂದಿದ್ದರು. ಯಜಮಾನರು ನೋಡೋಣ ಅಂತ ಹಿತ್ತಲಿಗೆ ಹೋದರು, ಅತ್ತೆ ದೇವರ ಮುಂದೆ ಕೂತರು, ನಾನು ಮಗೂನ ಎತ್ತಿಕೊಂಡು ಎಲ್ಲಿಗೆ ಹೋಗಬೇಕೋ ತಿಳಿಯದೆ ಹಾಲ್‌ನಲ್ಲಿ ನಿಂತೆ. ಕಾಲು ಗಂಟೆಯಲ್ಲಿ ಮಳೆ ನಿಂತಿತು, ಏನೂ ಆಗಲಿಲ್ಲ. ಈ ಗುಂಪಿನಲ್ಲಿ ಬಿರುಗಾಳಿಗೆ ಸಿಕ್ಕ ಮನೆಗಳನ್ನು ಪರಿಶೀಲಿಸುವ ಎಂಜಿನಿಯರ್ ಒಬ್ಬರು ಇದ್ದಾರೆ ಅಂದರು. ಸರ್, ಸೀಸನ್ ಮುಗಿದ ಮೇಲೂ ಇದು ಬರುತ್ತಾ?

ಉತ್ತರ:
ಬರುತ್ತೆ ಮೇಡಂ. ಏಪ್ರಿಲ್, ಮೇನಲ್ಲಿ ಜಾಸ್ತಿ ಅನ್ನೋದು ನಿಜ. ಆಮೇಲೆ ಭಯ ಇಲ್ಲ ಅನ್ನೋದು ಸುಳ್ಳು.

ಬೇಸಿಗೆಯಲ್ಲಿ ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಓಡುವ ಗಾಳಿ, ಉತ್ತರಕ್ಕೆ ಸರಿದಿರುತ್ತದೆ. ಅಕ್ಟೋಬರ್ ಹೊತ್ತಿಗೆ ಅದು ಮತ್ತೆ ನಮ್ಮ ತಲೆ ಮೇಲಕ್ಕೆ ಇಳಿಯುತ್ತದೆ. ಆದರೆ ಮೆಕ್ಸಿಕೋ ಕೊಲ್ಲಿಯ ನೀರಿನ ಬಿಸಿ ಇನ್ನೂ ಆರಿರುವುದಿಲ್ಲ. ನೆಲದ ಹತ್ತಿರ ದಕ್ಷಿಣದಿಂದ ಸೆಕೆಯ ಗಾಳಿ, ಮೇಲೆ ಬೇರೆ ದಿಕ್ಕಿನಿಂದ ಜೋರು ಗಾಳಿ. ನಿಮ್ಮ ಅತ್ತೆಯವರು ದೀಪದ ಬತ್ತಿ ಹೊಸೆಯೋದನ್ನು ನೋಡಿ. ಎರಡು ಅಂಗೈ ಎರಡು ಕಡೆಗೆ ಸರಿದಾಗ ನಡುವಿನ ಹತ್ತಿ ಉರುಳುತ್ತದೆ. ಗಾಳಿಯೂ ಹಾಗೇ ಮಲಗಿಕೊಂಡು ಉರುಳುತ್ತಿರುತ್ತದೆ. ಮೋಡದೊಳಗೆ ಮೇಲಕ್ಕೇರುವ ಬಿಸಿಗಾಳಿ ಆ ಸುರುಳಿಯನ್ನು ಎತ್ತಿ ನಿಲ್ಲಿಸಿದರೆ ಮೋಡವೇ ಸುತ್ತಲು ಶುರುಮಾಡುತ್ತದೆ. ಅಂಥ ಮೋಡಗಳಲ್ಲೂ ಸುಮಾರು ಕಡೆ ಏನೂ ಆಗುವುದಿಲ್ಲ. ಕೆಲವು ಮಾತ್ರ ನೆಲ ಮುಟ್ಟುತ್ತವೆ.

ಈ ಕಾಲದ ಸುಂಟರಗಾಳಿಯಲ್ಲಿ ನನಗೆ ಭಯ ಹುಟ್ಟಿಸೋದು ಎರಡು. ಒಂದು ಕತ್ತಲೆ, ಸಂಜೆ ಐದೂವರೆಗೇ ಹೊತ್ತು ಮುಳುಗಿರುತ್ತದೆ. ಇನ್ನೊಂದು ಓಟ. ಮೇಲಿನ ಗಾಳಿ ಜೋರಾಗಿರೋದರಿಂದ ಮೋಡವೇ ಹೆದ್ದಾರಿಯ ಕಾರಿನಷ್ಟು ವೇಗದಲ್ಲಿ ಓಡಿ ಬರುತ್ತದೆ. ಜೊತೆಗೆ ಮಳೆಯ ಪರದೆ. ಹಿತ್ತಲಲ್ಲಿ ನಿಂತ ನಿಮ್ಮ ಯಜಮಾನರಿಗೆ ನಿಜವಾಗಿ ಬಂದಿದ್ದರೂ ಏನೂ ಕಾಣುತ್ತಿರಲಿಲ್ಲ. ಅವರಿಗೆ ಸ್ವಲ್ಪ ಹೇಳಿ.

ಪ್ರಶ್ನೆ (ಪ್ಲೇನೋದಿಂದ):
ಸರ್, ಹದಿನೈದು ವರ್ಷದಿಂದ ಇಲ್ಲಿದ್ದೇನೆ. ಪ್ರತಿ ಸಲ ಫೋನ್ ಕೂಗುತ್ತೆ, ಏನೂ ಆಗಲ್ಲ. ವಾಚ್, ವಾರ್ನಿಂಗ್ ಎರಡೂ ಒಂದೇ ಅನ್ನಿಸಿಬಿಟ್ಟಿದೆ.

ಉತ್ತರ:
ವಾಚ್ ಅಂದರೆ ಒಲೆ ಮೇಲೆ ಹಾಲಿಟ್ಟಿದ್ದೀರಿ, ಅಲ್ಲೇ ಇರಿ ಅಂತ. ವಾರ್ನಿಂಗ್ ಅಂದರೆ ಉಕ್ಕುತ್ತಾ ಇದೆ, ಓಡಿ ಅಂತ. ವಾಚ್ ಕೊಡೋದು ಓಕ್ಲಹೋಮಾದ ನಾರ್ಮನ್ ಊರಿನ ಕೇಂದ್ರದಿಂದ, ಹತ್ತಾರು ಕೌಂಟಿಗೆ, ಗಂಟೆಗಟ್ಟಲೆ ಅವಧಿಗೆ. ವಾರ್ನಿಂಗ್ ಕೊಡೋದು ನಮ್ಮ ಫೋರ್ಟ್ ವರ್ತ್‌ನ ಹವಾಮಾನ ಕಚೇರಿ. ರೇಡಾರಿನಲ್ಲಿ ಸುತ್ತು ಕಂಡಾಗ, ಅಥವಾ ಯಾರಾದರೂ ಕಣ್ಣಾರೆ ಕಂಡು ತಿಳಿಸಿದಾಗ. ಅದು ಸಿಕ್ಕಿದ ಮೇಲೆ ನಿಮ್ಮ ಕೈಯಲ್ಲಿರೋದು ಕೆಲವೇ ನಿಮಿಷ.

ಬಹಳ ವಾರ್ನಿಂಗ್‌ಗಳಲ್ಲಿ ಏನೂ ಆಗಲ್ಲ ಅನ್ನೋದು ನಿಜ. ಅದಕ್ಕೇ ಅಸಡ್ಡೆ ಬರೋದು. ನಾನೂ ಹಾಗೇ ಇದ್ದೆ, 2015ರ ಡಿಸೆಂಬರ್ ತನಕ.

ಪ್ರಶ್ನೆ (ಫ್ರಿಸ್ಕೋದಿಂದ):
ಆಗ ಏನಾಯ್ತು ಸರ್?

ಉತ್ತರ:
ಡಿಸೆಂಬರ್ 26, ಶನಿವಾರ. ಕ್ರಿಸ್‌ಮಸ್‌ನ ಮರುದಿನ. ಮಧ್ಯಾಹ್ನ ಎಂಥಾ ಸೆಕೆ ಅಂದರೆ ಅಂಗಿಯ ತೋಳು ಮಡಚಿಕೊಂಡು ಓಡಾಡಿದ್ದೆವು. ಅದೇ ಹೊತ್ತಿಗೆ ಪಶ್ಚಿಮ ಟೆಕ್ಸಾಸಿನಲ್ಲಿ ಹಿಮದ ಬಿರುಗಾಳಿ. ಎರಡರ ನಡುವೆ ನಾವು. ಸಂಜೆ ಆರೂಮುಕ್ಕಾಲಿಗೆ ಡಲ್ಲಾಸಿನ ಪೂರ್ವಕ್ಕೆ ಸನ್ನಿವೇಲ್ ಹತ್ತಿರ ಸುಂಟರಗಾಳಿ ನೆಲಕ್ಕಿಳಿಯಿತು. ಗಾರ್ಲೆಂಡ್, ರೌಲೆಟ್ ಊರುಗಳನ್ನು ಸೀಳಿಕೊಂಡು ಸುಮಾರು 21 ಕಿಲೋಮೀಟರ್ ಹೋಯಿತು. ಅಗಲ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್. ಹಾನಿ ನೋಡಿ ಇಎಫ್4 ಅಂತ ಅಳೆದರು (ಸುಂಟರಗಾಳಿಯ ಬಿರುಸನ್ನು ಇಎಫ್0ಯಿಂದ ಇಎಫ್5ರ ತನಕ ಅಳೆಯುತ್ತಾರೆ), ಗಾಳಿ ಗಂಟೆಗೆ ಸುಮಾರು 290 ಕಿಲೋಮೀಟರ್. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. 10 ಜನ ಸತ್ತರು.

ಆ ಹತ್ತರಲ್ಲಿ ಬಹುತೇಕರು ಮನೆಯಲ್ಲಿದ್ದವರಲ್ಲ, ಕಾರಿನಲ್ಲಿದ್ದವರು. ಇಂಟರ್‌ಸ್ಟೇಟ್ 30 ಮತ್ತು ಜಾರ್ಜ್ ಬುಷ್ ಟರ್ನ್‌ಪೈಕ್ ಸೇರುವ ಜಾಗ ನಿಮಗೆಲ್ಲ ಗೊತ್ತಲ್ವಾ? ಅಲ್ಲಿನ ಎತ್ತರದ ಮೇಲ್ಸೇತುವೆಗಳ ಹತ್ತಿರ ಕಾರುಗಳನ್ನು ಎತ್ತಿ ಬಿಸಾಡಿತು. ಹಬ್ಬ ಮುಗಿಸಿ ಮನೆಗೆ ಹೊರಟವರು, ಅಂಗಡಿಗೆ ಹೊರಟವರು ಓಡಾಡುವ ಹೊತ್ತು. ಕತ್ತಲೆ, ಮಳೆ. ಎದುರಿಗೆ ಬರುತ್ತಿರೋದು ಏನು ಅಂತ ತಿಳಿಯುವ ದಾರಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ರೌಲೆಟ್‌ಗೆ ಹೋದೆ. ಚಳಿ, ಜಿಟಿಜಿಟಿ ಮಳೆ. ಒಂದು ಮನೆಯಲ್ಲಿ ಉಳಿದಿದ್ದು ಕಾಂಕ್ರೀಟ್ ತಳ, ಅದರ ನಡುವೆ ಒಂದು ಸಣ್ಣ ಬಟ್ಟೆ ಕೋಣೆ. ಸೂರಿಲ್ಲ. ಆದರೆ ಹ್ಯಾಂಗರಿನಲ್ಲಿ ಅಂಗಿಗಳು ಸಾಲಾಗಿ ತೂಗಾಡುತ್ತಿದ್ದವು, ಒದ್ದೆಯಾಗಿ. ಮನೆಯವರು ಅದರೊಳಗೇ ಕೂತಿದ್ದು ಬದುಕಿದ್ದರು. ಹೊರಗೆ ಬರುವಾಗ ಮಾತ್ರ ಎಲ್ಲರ ಅಂಗಾಲಿಗೂ ಮೊಳೆ ಚುಚ್ಚಿತ್ತು. ಬರಿಗಾಲಲ್ಲಿ ಇದ್ದರು.

ಆಮೇಲೆ 2019ರ ಅಕ್ಟೋಬರ್ 20. ಭಾನುವಾರ ರಾತ್ರಿ ಒಂಬತ್ತರ ಹೊತ್ತು. ಈ ಸಲ ಡಲ್ಲಾಸ್ ನಗರದೊಳಕ್ಕೇ ನುಗ್ಗಿತು. ಇಎಫ್3. ಸುಮಾರು 25 ಕಿಲೋಮೀಟರ್, ಅರ್ಧ ಗಂಟೆ. ಥಾಮಸ್ ಜೆಫರ್ಸನ್ ಹೈಸ್ಕೂಲ್ ಕಟ್ಟಡ ಹಾಳಾಯಿತು, ಇನ್ನೂ ಎರಡು ಶಾಲೆಗಳಿಗೂ ಅದೇ ಗತಿ. ನೂರು ಕೋಟಿ ಡಾಲರಿಗೂ ಮೀರಿದ ನಷ್ಟ. ಆದರೆ ಒಬ್ಬರೂ ಸಾಯಲಿಲ್ಲ! ಗಾಳಿಯ ಬಿರುಸು 2015ಕ್ಕಿಂತ ಕಡಿಮೆ ಇತ್ತು, ಒಪ್ಪುತ್ತೇನೆ. ಅದೃಷ್ಟವೂ ಇತ್ತು. ಆದರೆ ಭಾನುವಾರ ರಾತ್ರಿ ಬಹಳ ಜನ ಮನೆಯೊಳಗಿದ್ದರು, ಟಿವಿಯಲ್ಲಿ ನಮ್ಮೂರ ಫುಟ್‌ಬಾಲ್ ಮ್ಯಾಚ್ ಇತ್ತು. ಶಾಲೆಗಳು ಖಾಲಿ. ಇದೇ ಸೋಮವಾರ ಬೆಳಿಗ್ಗೆ ಆಗಿದ್ದರೆ? ನಾನು ಅದನ್ನು ಯೋಚಿಸೋಕೆ ಹೋಗಲ್ಲ.

ಪ್ರಶ್ನೆ (ಅಲೆನ್‌ನಿಂದ):
ಕಾರಿನಲ್ಲಿದ್ದಾಗ ವಾರ್ನಿಂಗ್ ಬಂದರೆ ಸೇತುವೆ ಕೆಳಗೆ ನಿಲ್ಲಿಸಬೇಕು ಅಂತ ನನ್ನ ಆಫೀಸಿನವರು ಹೇಳುತ್ತಾರೆ. ಆಲಿಕಲ್ಲು ಬಿದ್ದಾಗ ನಾನು ಹಾಗೇ ಮಾಡಿದ್ದೇನೆ.

ಉತ್ತರ:
ದಯವಿಟ್ಟು ಬೇಡ. ಸೇತುವೆ ಕೆಳಗೆ ಗಾಳಿ ಕಡಿಮೆ ಆಗೋದಿಲ್ಲ, ಇಕ್ಕಟ್ಟಿನಲ್ಲಿ ನುಗ್ಗಿ ಜಾಸ್ತಿ ಆಗುತ್ತದೆ. ಇಳಿಜಾರು ಹತ್ತಿ ಕೂತರೆ ಇನ್ನೂ ಮೇಲಿನ ಗಾಳಿಗೆ ಸಿಕ್ಕಿದಿರಿ. 1999ರ ಮೇ 3ರಂದು ಓಕ್ಲಹೋಮಾದಲ್ಲಿ ಹೀಗೆ ಸೇತುವೆ ಕೆಳಗೆ ಅಡಗಿದವರಲ್ಲಿ 3 ಜನ ಸತ್ತರು. ಮೇಲಾಗಿ ನಾಲ್ಕು ಕಾರು ಅಲ್ಲಿ ನಿಂತರೆ ಹಿಂದಿನವರಿಗೆ ದಾರಿಯೇ ಇಲ್ಲ.

ಹತ್ತಿರದ ಎಕ್ಸಿಟ್ ತೆಗೆದುಕೊಂಡು ಯಾವುದಾದರೂ ಗಟ್ಟಿ ಕಟ್ಟಡದೊಳಗೆ ಹೋಗಿ. ಹೋಟೆಲ್, ಅಂಗಡಿ, ಆಸ್ಪತ್ರೆ, ಯಾವುದಾದರೂ ಸರಿ. ಅಲ್ಲಿನ ಬಚ್ಚಲುಮನೆ ಸಾಮಾನ್ಯವಾಗಿ ಒಳಗೋಡೆಗಳ ನಡುವೆ ಇರುತ್ತದೆ. ಏನೂ ಇಲ್ಲದಿದ್ದರೆ ಕಾರು ಬದಿಗೆ ನಿಲ್ಲಿಸಿ, ಬೆಲ್ಟ್ ಹಾಕಿಕೊಂಡೇ ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಗ್ಗಿ ತಲೆ ಮುಚ್ಚಿಕೊಳ್ಳಿ. ರಸ್ತೆಗಿಂತ ತಗ್ಗಾದ ಜಾಗ ಹತ್ತಿರ ಇದ್ದರೆ ಇಳಿದು ಅಲ್ಲಿ ಬೋರಲು ಮಲಗಿ. ಎರಡೂ ಒಳ್ಳೆಯ ದಾರಿಯಲ್ಲ, ಬೇರೆ ದಾರಿ ಇಲ್ಲದವರಿಗೆ ಮಾತ್ರ. ಅದಕ್ಕೇ ನಾನು ಹೇಳೋದು, ವಾಚ್ ಬಂದಾಗಲೇ ಕಾಸ್ಟ್‌ಕೋ ಅಂಗಡಿಗೆ ಹೋಗೋದನ್ನು ನಾಳೆಗೆ ಇಟ್ಟುಕೊಳ್ಳಿ.

ಪ್ರಶ್ನೆ (ಇರ್ವಿಂಗ್‌ನಿಂದ):
ನಮ್ಮದು ಮೂರನೇ ಮಹಡಿ ಅಪಾರ್ಟ್‌ಮೆಂಟ್. ಹಗಲು ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ಆರು ತಿಂಗಳಿಗೆ ಬಂದಿದ್ದಾರೆ. ಅಮ್ಮನಿಗೆ ಮಂಡಿನೋವು, ಇಂಗ್ಲಿಷ್ ಅಷ್ಟಕ್ಕಷ್ಟೆ. ಸೈರನ್ ಕೇಳಿದರೆ ಸಾಕಲ್ವಾ?

ಉತ್ತರ:
ಸೈರನ್ ಇರೋದು ಹೊರಗಿದ್ದವರಿಗೆ, ಒಳಗೆ ಬನ್ನಿ ಅಂತ ಹೇಳೋಕೆ. ಬಾಗಿಲು ಹಾಕಿ ಟಿವಿ ಹಚ್ಚಿದರೆ ಕೇಳಿಸೋದೇ ಇಲ್ಲ. ಡಲ್ಲಾಸಿನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಅದನ್ನು ಪರೀಕ್ಷೆ ಮಾಡುತ್ತಾರೆ. ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ, ಪಾಪ ಸುಮ್ನೆ ಗಾಬರಿಯಾಗುತ್ತಾರೆ. (2017ರ ಏಪ್ರಿಲ್‌ನಲ್ಲಿ ಯಾರೋ ಹ್ಯಾಕ್ ಮಾಡಿ ನಡುರಾತ್ರಿ ಹತ್ತಿರ ಡಲ್ಲಾಸಿನ 156 ಸೈರನ್ನೂ ಕೂಗಿಸಿದ್ದರು. ಆ ರಾತ್ರಿ ನಾನೂ ಲುಂಗಿಯಲ್ಲೇ ಆಚೆ ಬಂದು ನಿಂತಿದ್ದೆ.)

ಅವರ ಹತ್ತಿರ ಇಲ್ಲಿನ ಸಿಮ್ ಇರುವ ಒಂದು ಫೋನ್ ಇರಲಿ, ಎಚ್ಚರಿಕೆಯ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಇನ್ನು ಮಹಡಿ. ಕೆಳಗಿನ ಮನೆಯವರ ಪರಿಚಯ ಇದೆಯಾ? ಇಲ್ಲದಿದ್ದರೆ ಈ ವಾರವೇ ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಹೋಗಿ ಪರಿಚಯ ಮಾಡಿಕೊಳ್ಳಿ. ವಾಚ್ ಬಂದಾಗಲೇ ಇಬ್ಬರೂ ನಿಧಾನಕ್ಕೆ ಇಳಿದು ಅಲ್ಲಿಗೆ ಹೋಗಲಿ. ವಾರ್ನಿಂಗ್ ಬಂದ ಮೇಲೆ ಮಂಡಿನೋವಿನವರು ಹೊರಮೆಟ್ಟಿಲು ಇಳಿಯೋದು ಕಷ್ಟ. ಅಷ್ಟು ಹೊತ್ತಿಲ್ಲದಿದ್ದರೆ ನಿಮ್ಮ ಮನೆಯೊಳಗೇ, ಕಿಟಕಿಯಿಲ್ಲದ ಬಚ್ಚಲುಮನೆ. ತಲೆ ಮೇಲೆ ದಪ್ಪ ರಜಾಯಿ. ಲಿಫ್ಟ್ ಮಾತ್ರ ಬೇಡ.

ಪ್ರಶ್ನೆ (ಮೆಕಿನ್ನಿಯಿಂದ):
ಸಿನಿಮಾಗಳಲ್ಲಿ ಎಲ್ಲರೂ ನೆಲಮಾಳಿಗೆಗೆ ಓಡುತ್ತಾರೆ. ಇಲ್ಲಿ ಐದು ಲಕ್ಷ ಡಾಲರಿನ ಮನೆಗೂ ನೆಲಮಾಳಿಗೆ ಇಲ್ಲವಲ್ಲ, ಯಾಕೆ? ಬಿಲ್ಡರುಗಳ ಕಂಜೂಸಿತನವಾ?

ಉತ್ತರ:
ಸ್ವಲ್ಪ ಅದೂ ಇದೆ. ಆದರೆ ಮುಖ್ಯವಾಗಿ ಮಣ್ಣು. ನಾನು ಗದಗ ಕಡೆಯವನು. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಹಿತ್ತಲಿನ ನೆಲ ಬಿರುಕು ಬಿಟ್ಟಿದ್ದು ನೋಡಿ ನಗು ಬಂತು. ಥೇಟ್ ನಮ್ಮ ಎರೆಹೊಲ! ಮಳೆ ಬಂದರೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತೆ. ಅಂಥ ಮಣ್ಣಿನೊಳಗೆ ನೆಲಮಾಳಿಗೆಯ ಗೋಡೆ ಕಟ್ಟಿದರೆ ವರ್ಷವಿಡೀ ಅದನ್ನು ಹಿಂಡುತ್ತಿರುತ್ತೆ. ಹಾಗಾಗಿ ನೆಲದ ಮೇಲೇ ಕಾಂಕ್ರೀಟ್ ಚಪ್ಪಡಿ ಹಾಕಿ ಅದರ ಮೇಲೆ ಕಟ್ಟಿಗೆಯ ಮನೆ.

ಚಪ್ಪಡಿಗೂ ಗೋಡೆಗೂ ಇರುವ ಬೆಸುಗೆಯೇ ಮನೆಯ ಜೀವ. ಕಾಂಕ್ರೀಟಿನಲ್ಲಿ ಹೂತ ಬೋಲ್ಟಿಗೆ ಗೋಡೆಯ ಅಡಿಪಟ್ಟಿಯನ್ನು ತೂರಿಸಿ, ವಾಷರ್ ಹಾಕಿ, ನಟ್ ಬಿಗಿಯಬೇಕು. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಬೋಲ್ಟ್ ಇತ್ತು, ನಟ್ ಇರಲಿಲ್ಲ. ಬರೀ ಮೊಳೆ ಹೊಡೆದಿದ್ದೂ ಉಂಟು. ಅಂಥ ಗೋಡೆ ಇಡಿಯಾಗಿ ಎದ್ದು ಹೋಗುತ್ತದೆ. ಹೊಸ ಮನೆ ಕಟ್ಟಿಸುತ್ತಿದ್ದರೆ ಒಳಗೆ ಶೀಟ್‌ರಾಕ್, ಅಂದರೆ ಗೋಡೆ ಮುಚ್ಚುವ ಜಿಪ್ಸಮ್ ಹಲಗೆ, ಹೊಡೆಯುವ ಮೊದಲು ಟಾರ್ಚ್ ಹಿಡಿದು ಹೋಗಿ ನೋಡಿ. ಅಡುಗೆಮನೆ ಕಲ್ಲಿನ ಬಣ್ಣಕ್ಕೆ ಮೂರು ವಾರಾಂತ್ಯ ಕೊಡುತ್ತೀರಿ, ಇದಕ್ಕೆ ಅರ್ಧ ಗಂಟೆ ಕೊಡಿ.

ಇನ್ನೊಂದು ಗ್ಯಾರೇಜ್ ಬಾಗಿಲು. ಅಗಲವಾದ ತೆಳು ತಗಡು, ಬಹಳ ಸಲ ಮೊದಲು ಮುರಿಯೋದು ಅದೇ. ಗಾಳಿ ಒಳಗೆ ನುಗ್ಗಿ ಸೂರನ್ನು ಒಳಗಿನಿಂದ ನೂಕುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಇದೇ ಕಾರಣಕ್ಕೆ "ಒತ್ತಡ ಸಮ ಆಗಲಿ, ಕಿಟಕಿ ತೆಗೆದಿಡಿ" ಅನ್ನೋ ಹಳೇ ಮಾತು ತಪ್ಪು. ಕಿಟಕಿ ಮುಚ್ಚಿ, ಅದರ ಹತ್ತಿರ ಹೋಗಬೇಡಿ. ದುಡ್ಡಿದ್ದವರು ಗ್ಯಾರೇಜಿನ ಚಪ್ಪಡಿಗೆ ಉಕ್ಕಿನ ಸೇಫ್ ರೂಮ್ ಬೋಲ್ಟ್ ಮಾಡಿಸಬಹುದು. ಸರಿಯಾದ ಮಾನದಂಡದ್ದು ಗಂಟೆಗೆ 400 ಕಿಲೋಮೀಟರ್ ಗಾಳಿಗೂ ನಿಲ್ಲುವಂತೆ ಮಾಡಿರುತ್ತಾರೆ.

ಪ್ರಶ್ನೆ (ಪ್ಲೇನೋದಿಂದ):
ಇನ್ಶೂರೆನ್ಸ್ ಬಗ್ಗೆ ಎರಡು ಮಾತು?

ಉತ್ತರ:
ಎರಡೇ ಮಾತು. ಪಾಲಿಸಿ ತೆಗೆದು ಗಾಳಿ, ಆಲಿಕಲ್ಲಿನ ಡಿಡಕ್ಟಿಬಲ್ ಎಷ್ಟಿದೆ ನೋಡಿ. ಇಲ್ಲಿ ಅದು ಸಾಮಾನ್ಯವಾಗಿ ಶೇಕಡಾ ಲೆಕ್ಕ. 4 ಲಕ್ಷ ಡಾಲರಿನ ಮನೆಗೆ ಶೇಕಡಾ 2 ಅಂದರೆ ಮೊದಲ 8 ಸಾವಿರ ನಿಮ್ಮ ಜೇಬಿನಿಂದ. ಇನ್ನು, ಗಾಳಿ ಬಂದ ಮರುದಿನ ಬಾಗಿಲು ಬಡಿದು "ಡಿಡಕ್ಟಿಬಲ್ ನಾವೇ ನೋಡ್ಕೋತೀವಿ" ಅನ್ನುವ ಸೂರಿನ ಕಂಟ್ರಾಕ್ಟರನ್ನು ಹೊಸಿಲಿನಿಂದಲೇ ಕಳಿಸಿ. 2019ರ ಸೆಪ್ಟೆಂಬರ್‌ನಿಂದ ಟೆಕ್ಸಾಸಿನಲ್ಲಿ ಅದಕ್ಕೆ ಕಾನೂನಿನ ತಡೆ ಇದೆ.

ಪ್ರಶ್ನೆ (ಫ್ರಿಸ್ಕೋದಿಂದ):
ಸರ್, ಇವತ್ತು ಮೆಟ್ಟಿಲ ಕೆಳಗಿನ ಕ್ಲಾಸೆಟ್ ಖಾಲಿ ಮಾಡಿದೆವು. ಏನೇನು ಹೊರಗೆ ಬಂತು ಕೇಳಬೇಡಿ. ನಾಲ್ಕು ಸೂಟ್‌ಕೇಸ್, ಮಿಕ್ಸಿ ಬಂದ ರಟ್ಟಿನ ಡಬ್ಬ, ಗೊಂಬೆ ಹಬ್ಬದ ಮೆಟ್ಟಿಲಿನ ಹಲಗೆಗಳು. ಈಗ ನಾಲ್ಕು ಜನ ಕೂರಬಹುದು. ಒಳಗೆ ಏನಿಡಬೇಕು?

ಉತ್ತರ:
ಟಾರ್ಚ್, ನೀರು, ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕ್, ಅತ್ತೆಯವರ ಮಾತ್ರೆ. ಮಗುವಿಗೆ ಸೈಕಲ್ ಹೆಲ್ಮೆಟ್, ದೊಡ್ಡವರಿಗೂ ಇದ್ದರೆ ಒಳ್ಳೆಯದು. ಪಾಸ್‌ಪೋರ್ಟ್‌ಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಒಂದು ಸೀಟಿ, ಅವಶೇಷದಡಿ ಸಿಕ್ಕರೆ ಕೂಗಿ ಗಂಟಲು ಒಣಗಿಸಿಕೊಳ್ಳಬಾರದು. ಆಮೇಲೆ ಎಲ್ಲರಿಗೂ ಒಂದೊಂದು ಜೊತೆ ಶೂ. ಚಪ್ಪಲಿ ಅಲ್ಲ, ಶೂ. ಮನೆಯೊಳಗೆ ನಾವೆಲ್ಲ ಬರಿಗಾಲವರು ಅಲ್ವಾ, ರೌಲೆಟ್‌ನ ಆ ಅಂಗಾಲುಗಳು ನನಗೆ ಇನ್ನೂ ಕಣ್ಣ ಮುಂದಿವೆ.

ಪ್ರಶ್ನೆ (ಫ್ರಿಸ್ಕೋದಿಂದ):
ಆಯ್ತು ಸರ್. ಅತ್ತೆ ಕೇಳುತ್ತಿದ್ದಾರೆ, ಸಿದ್ಧಾರೂಢರ ಫೋಟೋ ಒಂದು ಒಳಗೆ ನೇತುಹಾಕಬಹುದಾ ಅಂತ.

ಉತ್ತರ:
ಧಾರಾಳವಾಗಿ. ಗಾಜು ತೆಗೆದು ಹಾಕಿ.