ಜರ್ಮನಿಯಲ್ಲಿ ಫ್ಯಾಮಿಲಿ ಹೆಲ್ತ್ ಇನ್ಶೂರೆನ್ಸ್: ಪಬ್ಲಿಕ್‌ನಲ್ಲೇ ಇರೋದಾ, ಪ್ರೈವೇಟ್‌ಗೆ ಹೋಗೋದಾ?

ಹೊಸಬ_ಮ್ಯೂನಿಕ್:

ಎಲ್ಲರಿಗೂ ನಮಸ್ಕಾರ. ಬ್ಲೂ ಕಾರ್ಡ್ (ಇಲ್ಲಿನ ಕೆಲಸದ ಪರ್ಮಿಟ್) ಮೇಲೆ ಮ್ಯೂನಿಕ್‌ಗೆ ಬಂದು ವರ್ಷದ ಹತ್ತಿರ ಆಗ್ತಾ ಬಂತು, ಸಂಬಳ ವರ್ಷಕ್ಕೆ 82,000 ಯೂರೋ, ಈಗ ಪಬ್ಲಿಕ್ ಇನ್ಶೂರೆನ್ಸ್‌ನಲ್ಲಿದೀನಿ. ಸ್ಯಾಲರಿ ಸ್ಲಿಪ್‌ನಲ್ಲಿ ಹೆಲ್ತ್ ಇನ್ಶೂರೆನ್ಸ್ ಒಂದಕ್ಕೇ ತಿಂಗಳಿಗೆ 500 ಯೂರೋ ಮೇಲೆ ಹೋಗತ್ತೆ, ನಾನು ಇಲ್ಲಿವರೆಗೆ ಡಾಕ್ಟರ್ ಹತ್ರ ಸರಿಯಾಗಿ ಹೋಗಿದ್ದೂ ಇಲ್ಲ. ಹೋದ ವಾರ ಒಬ್ಬ ಬ್ರೋಕರ್ ಫೋನ್ ಮಾಡಿ ನಿಮ್ಮ ಸಂಬಳ ಲಿಮಿಟ್ (ಇದಕ್ಕಿಂತ ಜಾಸ್ತಿ ದುಡಿಯೋ ನೌಕರರು ಮಾತ್ರ ಪ್ರೈವೇಟ್‌ಗೆ ಹೋಗ್ಬಹುದು) ದಾಟಿದೆ, ಪ್ರೈವೇಟ್‌ಗೆ ಬನ್ನಿ, ಒಟ್ಟು 540, ಅರ್ಧ ಕಂಪನಿ ಕೊಡತ್ತೆ, ನಿಮ್ಮ ಕೈಯಿಂದ 270 ಅಷ್ಟೇ, ಅಪಾಯಿಂಟ್‌ಮೆಂಟೂ ಬೇಗ ಸಿಗತ್ತೆ ಅಂದ.

ವಿಷಯ ಏನಂದ್ರೆ ಇನ್ನೆರಡು ತಿಂಗಳಲ್ಲಿ ಮೈಸೂರಿಂದ ಹೆಂಡತಿ ಬರ್ತಿದಾಳೆ. ಅಲ್ಲಿ ಟೀಚರ್ ಆಗಿದ್ಲು, ಇಲ್ಲಿ ಮೊದಲು ಜರ್ಮನ್ ಕಲೀಬೇಕು, ಹಾಗಾಗಿ ಸದ್ಯಕ್ಕೆ ಕೆಲಸ ಇಲ್ಲ. ಥೈರಾಯ್ಡ್ ಮಾತ್ರೆ ದಿನಾ ತಗೋತಾಳೆ. ಮಗು ಬಗ್ಗೆನೂ ಯೋಚನೆ ಇದೆ. ಇದರ ಜೊತೆಗೆ ಅಪ್ಪ ಅಮ್ಮನ್ನ ಬೇಸಿಗೇಲಿ ಮೂರು ತಿಂಗಳು ಕರೆಸ್ಬೇಕು, ಅಪ್ಪಂಗೆ ಶುಗರ್ ಬಿಪಿ ಎರಡೂ ಇದೆ, ಅವರನ್ನೂ ಇದರಲ್ಲೇ ಸೇರಿಸ್ಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಸ್ಟುಟ್‌ಗಾರ್ಟ್_ಅಕ್ಕ:

ಬ್ರೋಕರ್ ಹೇಳಿದ 270 ನಿಮ್ಮೊಬ್ಬರ ಲೆಕ್ಕ, ಮನೆ ಲೆಕ್ಕ ಅಲ್ಲ. ಪಬ್ಲಿಕ್‌ನಲ್ಲಿ ನೀವು ಈಗ ಕಟ್ತಿರೋ ದುಡ್ಡಲ್ಲೇ ಹೆಂಡತಿ (ದುಡಿಮೆ ಇಲ್ದಿದ್ರೆ), ಮುಂದೆ ಹುಟ್ಟೋ ಮಕ್ಕಳು ಎಲ್ಲರೂ ಸೇರ್ತಾರೆ, ಫಮೀಲಿಯನ್‌ಫೆರ್‌ಜಿಶರುಂಗ್ ಅಂತಾರಲ್ಲ ಅದೇ, ಒಂದು ಸೆಂಟೂ ಜಾಸ್ತಿ ಇಲ್ಲ. ಪ್ರೈವೇಟ್‌ನಲ್ಲಿ ತಲೆಗೊಂದು ಕಾಂಟ್ರ್ಯಾಕ್ಟ್. ನಿಮಗೆ 540, ಹೆಂಡತಿಗೆ ಅಂದಾಜು 480, ಮಗುಗೆ 180 ಅಂತ ಇಟ್ಕೊಳ್ಳಿ, 1200 ಆಯ್ತು. ಕಂಪನಿ ಅರ್ಧ ಕೊಡತ್ತೆ ಅನ್ನೋದು ನಿಜ ಆದ್ರೆ ಅದಕ್ಕೆ 2026ರಲ್ಲಿ ತಿಂಗಳಿಗೆ ಸುಮಾರು 508 ಯೂರೋ ಮಿತಿ ಇದೆ, ಉಳಿದ 690 ನಿಮ್ಮ ಜೇಬಿಂದಾನೇ ಹೋಗ್ಬೇಕು. 270 ಎಲ್ಲಿ 690 ಎಲ್ಲಿ!

ಇನ್ನು ಥೈರಾಯ್ಡ್. ಪಬ್ಲಿಕ್‌ನವರು ಕಾಯಿಲೆ ಏನಿದೆ ಅಂತ ಕೇಳೋ ಹಾಗೇ ಇಲ್ಲ. ಪ್ರೈವೇಟ್‌ನಲ್ಲಿ ಉದ್ದದ ಫಾರ್ಮ್ ತುಂಬಬೇಕು, ಒಂದೊಂದು ಕಾಯಿಲೆಗೂ ಪ್ರೀಮಿಯಂ ಏರಿಸ್ಬಹುದು, ಬೇಡ ಅಂತಾನೂ ಹೇಳ್ಬಹುದು. ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ಕಾಂಟ್ರ್ಯಾಕ್ಟೇ ರದ್ದು, ಆ ಕೆಲಸಕ್ಕೆ ಮಾತ್ರ ಕೈ ಹಾಕ್ಬೇಡಿ. ಹೆರಿಗೆಗೆ 8 ತಿಂಗಳ ವೇಟಿಂಗ್ ಹಾಕೋಕೂ ಕಾನೂನಲ್ಲಿ ಅವಕಾಶ ಇದೆ.

ಬ್ರೋಕರ್‌ಗಳು ಬಾಯಿಬಿಡದ ಇನ್ನೊಂದು ವಿಷಯ ಹೇಳ್ತೀನಿ. ನಾಳೆ ಹೆಂಡತಿಗೆ ಕೆಲಸ ಸಿಕ್ಕಿ ಅವರು ಪಬ್ಲಿಕ್‌ಗೆ ಬಂದ್ರು ಅಂತಿಟ್ಕೊಳ್ಳಿ, ನೀವು ಪ್ರೈವೇಟ್‌ನಲ್ಲಿದ್ದು ನಿಮ್ಮ ಸಂಬಳ ಲಿಮಿಟ್‌ಗಿಂತ ಮೇಲೆ, ಅವರಿಗಿಂತಾನೂ ಜಾಸ್ತಿ ಇದ್ರೆ ಮಗು ಅಮ್ಮನ ಇನ್ಶೂರೆನ್ಸ್‌ಗೆ ಫ್ರೀಯಾಗಿ ಸೇರೋ ಹಾಗಿಲ್ಲ. ನಮ್ಮ ಪರಿಚಯದೋರ ಎರಡು ಮನೆಗಳಲ್ಲಿ ಇದೇ ಆಗಿದೆ, ಮಗುಗೆ ಬೇರೆ ಕಟ್ತಿದಾರೆ.

ನನ್ನ ಮಗಳು ಹುಟ್ಟಿದಾಗ ಪಬ್ಲಿಕ್ ಇನ್ಶೂರೆನ್ಸ್‌ನಲ್ಲೇ ಹೆಬಾಮೆ, ಅಂದ್ರೆ ಸೂಲಗಿತ್ತಿ, ದಿನಾ ಮನೆಗೆ ಬರ್ತಿದ್ರು. ಮಗೂನ ಒಂದು ಬಟ್ಟೆ ಜೋಳಿಗೇಲಿ ಮಲಗಿಸಿ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎತ್ತಿ ತೂಕ ನೋಡಿ ಪುಸ್ತಕದಲ್ಲಿ ಬರೆಯೋರು, ಹಾಲು ಕುಡಿಸೋದು ಹೇಳಿಕೊಡೋರು, ನನ್ನ ಹೊಲಿಗೆ ನೋಡೋರು. ಅಮ್ಮ ಹತ್ರ ಇಲ್ದೇ ಇರೋವಾಗ ಅದು ಎಷ್ಟು ಧೈರ್ಯ ಕೊಡತ್ತೆ ಅಂತ ಬಾಣಂತಿಗೇ ಗೊತ್ತು. ಮೊದಲ 10 ದಿನ ದಿನಾ ಬರ್ತಾರೆ, ಆಮೇಲೂ 12 ವಾರದ ತನಕ ಕರೆಸ್ಕೋಬಹುದು. ಒಳ್ಳೆಯವರು ಬೇಗ ಬುಕ್ ಆಗ್ಬಿಡ್ತಾರೆ, ಪ್ರೆಗ್ನೆನ್ಸಿ ಗೊತ್ತಾದ ವಾರಾನೇ ಹುಡುಕೋಕೆ ಶುರು ಮಾಡಿ.

ಬರ್ಲಿನ್_ಕನ್ನಡಿಗ:

ಅಕ್ಕ ಹೇಳಿದ್ದು ಇವರ ಕೇಸಿಗೆ ಸರಿ, ಆದ್ರೆ ಪ್ರೈವೇಟ್ ಎಲ್ಲರಿಗೂ ಕೆಟ್ಟದ್ದು ಅಂತಲ್ಲ. ನಾವಿಬ್ರೂ ಪ್ರೈವೇಟ್‌ನಲ್ಲಿದೀವಿ, ಇಬ್ರೂ ಲಿಮಿಟ್ ಮೇಲೆ ದುಡೀತೀವಿ, ಮಕ್ಕಳಿಲ್ಲ, ಇನ್ನು ಕೆಲವು ವರ್ಷದಲ್ಲಿ ಊರಿಗೆ ವಾಪಸ್ ಹೋಗೋದು ಅಂತ ಖಚಿತ. ನಮಗೆ ತುಂಬ ಉಳಿದಿದೆ, ಸ್ಕಿನ್ ಡಾಕ್ಟರ್ ಅದೇ ವಾರ ಸಿಗ್ತಾರೆ. ಫೋನ್ ಮಾಡಿದ ತಕ್ಷಣ ರಿಸೆಪ್ಷನ್‌ನಲ್ಲಿ ಕೇಳೋ ಮೊದಲ ಪ್ರಶ್ನೆನೇ ಗೆಜೆಟ್ಸ್‌ಲಿಶ್ಶಾ ಪ್ರಿವಾಟ್ಟಾ (ಪಬ್ಲಿಕ್ಕಾ ಪ್ರೈವೇಟಾ) ಅಂತ, ಈ ತಾರತಮ್ಯ ನನಗೆ ಇಷ್ಟ ಇಲ್ಲ ಆದ್ರೆ ಇರೋದು ಹಾಗೆ. ಒಂದೇ ತಲೆನೋವು, ಬಿಲ್ ನಿಮ್ಮ ಹೆಸರಿಗೆ ಪೋಸ್ಟಲ್ಲಿ ಬರತ್ತೆ, ಆ್ಯಪ್‌ಗೆ ಹಾಕಿ ದುಡ್ಡು ವಾಪಸ್ ತಗೋಬೇಕು.

ಇಲ್ಲೇ ನೆಲೆ ನಿಲ್ಲೋರು ಮಾತ್ರ ಹತ್ತು ಸಲ ಯೋಚಿಸಿ. ವಯಸ್ಸಾದ ಹಾಗೆ ಪ್ರೈವೇಟ್ ಪ್ರೀಮಿಯಂ ಏರತ್ತೆ, 55 ದಾಟಿದ್ಮೇಲೆ ಪಬ್ಲಿಕ್‌ಗೆ ವಾಪಸ್ ಬರೋ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಹಾಗೇ. ಲಿಮಿಟ್ ಬೇರೆ ವರ್ಷಾ ವರ್ಷಾ ಏರತ್ತೆ, 2025ರಲ್ಲಿ 73,800 ಇದ್ದದ್ದು 2026ಕ್ಕೆ 77,400. ಗುರು, ನಿಮ್ಮ ಸಂಬಳ ಅದಕ್ಕಿಂತ ಬರೀ 4,600 ಮೇಲಿದೆ. ಮತ್ತೆ ಬ್ರೋಕರ್‌ಗೆ ಪ್ರೈವೇಟ್ ಪಾಲಿಸಿ ಮಾರಿದ್ರೆ 9 ತಿಂಗಳ ಪ್ರೀಮಿಯಂವರೆಗೂ ಕಮಿಷನ್ ಸಿಗಬಹುದು. ಕಮಿಷನ್ ಇಲ್ಲದ ಸಲಹೆ ಬೇಕಂದ್ರೆ ಫೆರ್‌ಬ್ರಾಉಖರ್‌ಟ್ಸೆಂಟ್ರಾಲೆಗೆ (ಗ್ರಾಹಕರ ಸಲಹಾ ಕೇಂದ್ರ) ಹೋಗಿ, ಫೀಸ್ ಇದೆ, ಕೊಡಿ.

ಹುಬ್ಳಿ_ಮಂದಿ:

ಅಪ್ಪಾ ಅವ್ವಾರ ವಿಚಾರ ಯಾರೂ ಹೇಳಲೇ ಇಲ್ಲಲ್ರಿ. ಪಬ್ಲಿಕ್ ಇರ್ಲಿ ಪ್ರೈವೇಟ್ ಇರ್ಲಿ, ತಂದಿ ತಾಯಿನ ನಿಮ್ಮ ಇನ್ಶೂರೆನ್ಸ್‌ದಾಗ ಸೇರಸಾಕ ಬರಂಗಿಲ್ಲ. ಷೆಂಗೆನ್ ವೀಸಾಕ್ಕ (ಯುರೋಪ್‌ಗೆ ಭೇಟಿಗೆ ಬರೋರ ವೀಸಾ) ಕಡಿಮಿ ಅಂದ್ರೂ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕ. ಅದರಾಗ ಮೊದಲಿಂದ ಇರೋ ಶುಗರ್ ಬಿಪಿ ಸಾಮಾನ್ಯವಾಗಿ ಬರಂಗಿಲ್ಲ, ಕಂಡೀಷನ್ ಪೂರ್ತಿ ಓದ್ರಿ. ಮೂರು ತಿಂಗಳಿಗೆ ಸಾಕಾಗುವಷ್ಟು ಗುಳಿಗಿ, ಡಾಕ್ಟರ್ ಚೀಟಿ ಸಮೇತ ಊರಿಂದನ ತರಸ್ರಿ, ಬರೋಕಿಂತ ಮೊದ್ಲ ಒಮ್ಮೆ ಪೂರ್ತಿ ಚೆಕಪ್ ಮಾಡಸ್ರಿ.

ಊರಾಗ ಅವರ ಹೆಸರಲೆ ಪಾಲಿಸಿ ಐತೋ ಇಲ್ಲೋ? ಇಲ್ಲಂದ್ರ ಈಗ್ಲೇ ಮಾಡಸ್ರಿ. 2024ರ ಹೊಸ ನಿಯಮದಾಗ ಹಳೇ ಕಾಯಿಲೆಗೆ ಕಾಯೋ ಅವಧಿ ಹೆಚ್ಚಂದ್ರ 3 ವರ್ಷ ಅಂತ ಐತಿ, ಮೊದ್ಲ 4 ಇತ್ತು, ತಡಾ ಮಾಡಿದಷ್ಟೂ ಆ ಮೂರು ವರ್ಷ ಮುಂದ ಹೋಗ್ತಾವ. 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮ್ಯಾಲಿನ 18 ಪರ್ಸೆಂಟ್ ಜಿಎಸ್‌ಟಿನೂ ತಗದಾರ. ನೀವು ಇಲ್ಲಿದ್ದು ಹೆಂಡ್ತಿ ಮಕ್ಕಳಿಗೆ ಎಷ್ಟು ನೋಡ್ತೀರೋ ಅಷ್ಟ ಅವರಿಗೂ ನೋಡ್ರಿ, ರಾತ್ರಿ ಹನ್ನೆರಡಕ್ಕ ಊರಿಂದ ಫೋನ್ ಬಂದ್ರ ದವಾಖಾನಿ ಅಡ್ವಾನ್ಸ್ ಹೊಂದಸೋದು ಇಲ್ಲಿಂದ ಭಾಳ ಕಷ್ಟ ಅದ.

ಹೊಸಬ_ಮ್ಯೂನಿಕ್:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಪಬ್ಲಿಕ್‌ನಲ್ಲೇ ಇರ್ತೀನಿ. ಅಪ್ಪ ಅಮ್ಮಂಗೆ ಈ ವಾರಾನೇ ಪಾಲಿಸಿ ನೋಡ್ತೀನಿ. ಅಕ್ಕಾ ಇನ್ನೊಂದು ಕೇಳ್ಲಾ, ನಮ್ಮತ್ತೆ ಮೊದಲ ಹೆರಿಗೆ ತವರಲ್ಲೇ ಆಗ್ಬೇಕು ಅಂತಾರೆ. ಆಗ ಇಲ್ಲಿನ ಇನ್ಶೂರೆನ್ಸ್ ಮೈಸೂರಲ್ಲಿ ನಡಿಯತ್ತಾ?

ಸ್ಟುಟ್‌ಗಾರ್ಟ್_ಅಕ್ಕ:

ಇಲ್ಲಪ್ಪ, ಪಬ್ಲಿಕ್‌ನವರು ಭಾರತದಲ್ಲಾಗೋ ಖರ್ಚು ಕೊಡಲ್ಲ. ಊರಿಗೆ ಹೋಗುವಾಗ ಬೇರೆ ಟ್ರಾವೆಲ್ ಪಾಲಿಸಿ ಮಾಡಿಸ್ಕೋಬೇಕು, ವರ್ಷಕ್ಕೆ ಹತ್ತಿಪ್ಪತ್ತು ಯೂರೋಗೆ ಸಿಗತ್ತೆ, ಆದ್ರೆ ಒಂದೊಂದು ಟ್ರಿಪ್‌ಗೂ ಸಾಮಾನ್ಯವಾಗಿ ಆರೆಂಟು ವಾರ ಅಷ್ಟೇ, ಮೊದಲೇ ಗೊತ್ತಿದ್ದು ಹೋಗೋ ಹೆರಿಗೆ ಅದರಲ್ಲಿ ಬರಲ್ಲ. ಹಾಗಾಗಿ ಆಸ್ಪತ್ರೆ ಖರ್ಚು ಪೂರ್ತಿ ನಿಮ್ಮದೇ, ಮಗುಗೆ ಪಾಸ್‌ಪೋರ್ಟ್ ವೀಸಾ ಓಡಾಟ ಬೇರೆ. ನನ್ನ ಮಾತು ಕೇಳೋದಾದ್ರೆ ಅತ್ತೇನೇ ಇಲ್ಲಿಗೆ ಕರೆಸಿ, 90 ದಿನ ಇರ್ಬಹುದು, ಬಾಣಂತನ ಅವರ ಕೈಯಲ್ಲೇ ಆಗತ್ತೆ. ಅವರಿಗೂ ಮೇಲೆ ಹೇಳಿದ ಟ್ರಾವೆಲ್ ಇನ್ಶೂರೆನ್ಸ್ ಮರೀಬೇಡಿ.

ಹೆಂಡತಿ ಬಂದು ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಆದ ದಿನಾನೇ ಕ್ರಾಂಕೆನ್‌ಕಾಸೆ (ನಿಮ್ಮ ಪಬ್ಲಿಕ್ ಇನ್ಶೂರೆನ್ಸ್‌ನವರು) ಆ್ಯಪ್‌ನಲ್ಲಿ ಫ್ಯಾಮಿಲಿ ಫಾರ್ಮ್ ತುಂಬಿ, ಮ್ಯಾರೇಜ್ ಸರ್ಟಿಫಿಕೇಟ್ ಕೇಳ್ತಾರೆ, ಅದರ ಜರ್ಮನ್ ಟ್ರಾನ್ಸ್‌ಲೇಷನ್ ಈಗ್ಲೇ ಮಾಡಿಸಿ ಇಟ್ಕೊಳ್ಳಿ.