‘ನಾರ್ತ್ ಅಂಡ್ ಸೌತ್’: ಮಾರ್ಗರೆಟ್ ಹೇಲ್‌ಳ ದಿಟ್ಟತನಕ್ಕೆ ಆಸ್ತಿಯ ಆಸರೆ ಬೇಕಿತ್ತೇ?

ಮುಂಗಾರು ಅವರ ಪ್ರಶ್ನೆ:

ಬಿಬಿಸಿಯ 2004ರ ‘ನಾರ್ತ್ ಅಂಡ್ ಸೌತ್’ ಸರಣಿಯ ನಾಲ್ಕೂ ಕಂತುಗಳನ್ನು ನೋಡಿದ ಮೇಲೆ ಎಲಿಜಬೆತ್ ಗ್ಯಾಸ್ಕೆಲ್ ಅವರ ಮೂಲ ಕಾದಂಬರಿಯನ್ನೂ ಓದಿದೆ. ತಂದೆ ಪಾದ್ರಿಯ ಹುದ್ದೆ ತೊರೆದದ್ದರಿಂದ ದಕ್ಷಿಣ ಇಂಗ್ಲೆಂಡಿನ ಹಳ್ಳಿಯನ್ನು ಬಿಟ್ಟು, ಹೊಗೆ ಮುಸುಕಿದ ಮಿಲ್ಟನ್ ಎಂಬ ಗಿರಣಿ ಊರಿಗೆ ಬರುವ ಮಾರ್ಗರೆಟ್ ಹೇಲ್, ಅಲ್ಲಿನ ಮಾಲೀಕ ಜಾನ್ ಥಾರ್ನ್‌ಟನ್‌ನೊಂದಿಗೆ ಮುಷ್ಕರದ ವಿಷಯವಾಗಿ ನೇರವಾಗಿಯೇ ವಾದಕ್ಕಿಳಿಯುತ್ತಾಳೆ. ಕಲ್ಲೆಸೆಯುವ ಗುಂಪಿಗೂ ಅವನಿಗೂ ನಡುವೆ ನಿಂತು ಪೆಟ್ಟು ತಿಂದವಳು, ಮರುದಿನ ಅವನು ಮದುವೆಯ ಮಾತು ಎತ್ತಿದಾಗ ಒಲ್ಲೆ ಎನ್ನುತ್ತಾಳೆ. ಇಂಥವಳನ್ನು ಸೃಷ್ಟಿಸಿದ ಲೇಖಕಿ, ಕೊನೆಗೆ ತಂದೆಯ ಗೆಳೆಯ ಬೆಲ್‌ನ ಆಸ್ತಿಯನ್ನು ಅವಳ ಮಡಿಲಿಗೆ ಹಾಕಿ, ನಷ್ಟದಲ್ಲಿರುವ ಥಾರ್ನ್‌ಟನ್‌ಗೆ ಅವಳ ಕೈಯಿಂದ ನೆರವು ಕೊಡಿಸಿ ಕತೆ ಮುಗಿಸಿದ್ದು ನನಗೆ ಸುಲಭದ ದಾರಿಯಾಗಿ ಕಂಡಿತು. ವರ್ಗದ ಗೋಡೆಯನ್ನು ದಾಟಲು ಅವಳ ಬುದ್ಧಿ ಮತ್ತು ಮಾತು ಸಾಲುತ್ತಿರಲಿಲ್ಲವೇ?

ಹಳೆಹೊತ್ತಗೆ ಅವರ ಉತ್ತರ:

ಸಾಲುತ್ತಿರಲಿಲ್ಲ ಎಂಬುದೇ ಗ್ಯಾಸ್ಕೆಲ್ ಅವರ ನಿಲುವು ಎಂದು ನಾನು ತಿಳಿದಿದ್ದೇನೆ. ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಮಾರ್ಗರೆಟ್ ಪ್ರೇಮದ ಮಾತು ಆಡುವುದಿಲ್ಲ. ಬ್ಯಾಂಕಿನಲ್ಲಿ 18,057 ಪೌಂಡ್ ಸುಮ್ಮನೆ ಬಿದ್ದಿದೆ, ಅದಕ್ಕೆ ಬರುತ್ತಿರುವುದು ಶೇ. 2.5ರ ಬಡ್ಡಿ ಮಾತ್ರ, ನೀವು ಇದಕ್ಕಿಂತ ಹೆಚ್ಚು ಕೊಡಬಲ್ಲಿರಿ ಎಂದು ಲೆಕ್ಕ ಹೇಳುತ್ತಾಳೆ. ಅವನ ಗಿರಣಿ ನಿಂತಿರುವ ನೆಲವೂ ಬೆಲ್‌ನಿಂದ ಅವಳಿಗೆ ಬಂದಿದೆ, ಅಂದರೆ ಅವನು ಅವಳ ಬಾಡಿಗೆದಾರ. ಅದಕ್ಕೂ ಮೊದಲು ವ್ಯಾಪಾರಸ್ಥರೆಂದರೆ ಮೂಗು ಮುರಿಯುತ್ತಿದ್ದವಳು ಅವಳೇ ಎಂಬುದನ್ನು ಮರೆಯಬಾರದು. ಅವಳದು ಹಣವಿಲ್ಲದ ಕುಲೀನತೆ. ತಂದೆಯ ಆತ್ಮಹತ್ಯೆಯ ಬಳಿಕ ಬಟ್ಟೆ ಅಂಗಡಿಯಲ್ಲಿ ದುಡಿದು ಮೇಲೆ ಬಂದ ಥಾರ್ನ್‌ಟನ್‌ನದು ಕುಲೀನತೆಯಿಲ್ಲದ ಹಣ. ಆಸ್ತಿ ಕೈಗೆ ಬಂದಾಗ ಅವಳು ವ್ಯವಹಾರದ ಭಾಷೆಯನ್ನು ಕಲಿಯುತ್ತಾಳೆ, ಅವನು ಕೈಚಾಚುವ ಸ್ಥಿತಿಯನ್ನು ಕಲಿಯುತ್ತಾನೆ.

ಇನ್ನೊಂದು ಅಂಶ ಕಾನೂನಿನದು. ಈ ಕತೆ 1854–55ರಲ್ಲಿ ಡಿಕನ್ಸ್ ಅವರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಅವರಿಗೆ ಪೂರ್ಣ ಹಕ್ಕು ಕೊಟ್ಟದ್ದು 1882ರಲ್ಲಿ. ಅದಕ್ಕೆ ಮುಂಚೆ, ವಿಶ್ವಸ್ತರ ಹೆಸರಿನಲ್ಲಿ ಮೊದಲೇ ಒಪ್ಪಂದ ಬರೆಸಿಡದಿದ್ದರೆ, ಬ್ಯಾಂಕಿನಲ್ಲಿದ್ದಂತಹ ಹಣ ತಾಳಿಯಂತಹ ಆ ಒಂದು ಉಂಗುರದೊಂದಿಗೆ ಗಂಡನದಾಗುತ್ತಿತ್ತು. (ನಮ್ಮ ಸ್ಮೃತಿಕಾರರು ಸ್ತ್ರೀಧನ ಎಂಬ ಹೆಸರನ್ನಾದರೂ ಇಟ್ಟುಕೊಂಡಿದ್ದರು.) ಹೀಗಾಗಿ ಮಾರ್ಗರೆಟ್ ನಿಜವಾದ ಅರ್ಥದಲ್ಲಿ ಸ್ವತಂತ್ರಳಾಗಿರುವುದು ಬೆಲ್‌ನ ಸಾವಿಗೂ ತನ್ನ ಮದುವೆಗೂ ನಡುವಿನ ಅವಧಿಯಲ್ಲಿ ಮಾತ್ರ, ಮತ್ತು ಕಾದಂಬರಿ ನಿಲ್ಲುವುದು ಅಲ್ಲಿಯೇ.

ಗಿರಣಿಗಲ್ಲಿ ಅವರ ಉತ್ತರ:

ಪ್ರೇಮಕತೆಯ ಲೆಕ್ಕದ ಜೊತೆಗೆ, ಮಾರ್ಗರೆಟ್‌ಳ ಗೆಳತಿಯಾದ ಗಿರಣಿ ಕಾರ್ಮಿಕಳು ಬೆಸ್ಸಿ ಹಿಗಿನ್ಸ್‌ಳ ಲೆಕ್ಕವನ್ನೂ ಇಡಬೇಕೆಂದು ಕೋರುತ್ತೇನೆ. ಸರಣಿಯಲ್ಲಿ ಮಂಜಿನಂತೆ ತೇಲುವ ಅರಳೆಯ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ಆ ಅರಳೆಯೇ ಶ್ವಾಸಕೋಶಕ್ಕೆ ಇಳಿದು ಅವಳು ಹತ್ತೊಂಬತ್ತರ ಹರೆಯದಲ್ಲಿ ಸಾಯುತ್ತಾಳೆ. ಹತ್ತಿ ಹಿಂಜುವ ಕೋಣೆಯ ದೂಳನ್ನು ಹೊರಗೆಳೆಯುವ ಚಕ್ರಕ್ಕೆ ಐದಾರು ನೂರು ಪೌಂಡ್ ತಗಲುತ್ತದೆ, ಅದರಿಂದ ಲಾಭವಿಲ್ಲವೆಂದು ಹೆಚ್ಚಿನ ಮಾಲೀಕರು ಹಾಕಿಸುವುದಿಲ್ಲ ಎಂದು ಕಾದಂಬರಿಯಲ್ಲಿ ಅವಳೇ ಹೇಳುತ್ತಾಳೆ. ಅರಳೆ ನುಂಗಿ ರೂಢಿಯಾದವರಿಗೆ ಚಕ್ರವಿರುವಲ್ಲಿ ಹಸಿವು ಹೆಚ್ಚುತ್ತದೆ, ಆದ್ದರಿಂದ ಅಲ್ಲಿ ಕೂಲಿಯೂ ಹೆಚ್ಚಬೇಕು ಎಂದು ಕೆಲವರು ಗೊಣಗುತ್ತಿದ್ದರಂತೆ. ಮಾರ್ಗರೆಟ್‌ಳ ಹಣಕ್ಕೆ ಅಂತಹ ಮೂವತ್ತು ಚಕ್ರಗಳು ಬರುತ್ತಿದ್ದವು.

ಕಡಲತಡಿ ಅವರ ಉತ್ತರ:

ಹಳೆಹೊತ್ತಗೆ ಅವರ ವಾದವನ್ನು ಒಪ್ಪುತ್ತೇನೆ, ಆದರೆ ಅದು ಕಾದಂಬರಿಗೆ ಸಲ್ಲುವಷ್ಟು ಸರಣಿಗೆ ಸಲ್ಲುವುದಿಲ್ಲ. ಕಾದಂಬರಿಯಲ್ಲಿ ಈ ಮಾತುಕತೆ ಲಂಡನ್ನಿನ ಹಾರ್ಲೆ ಬೀದಿಯ ಮನೆಯೊಳಗೆ ನಡೆಯುತ್ತದೆ. ಸರಣಿ ಅದನ್ನು ರೈಲು ನಿಲ್ದಾಣಕ್ಕೆ ತಂದು, ಉತ್ತರಕ್ಕೂ ದಕ್ಷಿಣಕ್ಕೂ ಹೋಗುವ ಬಂಡಿಗಳ ನಡುವೆ ಇಬ್ಬರನ್ನೂ ನಿಲ್ಲಿಸುತ್ತದೆ. ದೃಶ್ಯ ಸೊಗಸಾಗಿದೆ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಬಡ್ಡಿಯ ಲೆಕ್ಕ ಮುತ್ತಿನ ಹಿಂದೆ ಮರೆಯಾಗುತ್ತದೆ.

ಕಾರವಾರದವನಾಗಿ ಒಂದು ಮಾತು ಸೇರಿಸುತ್ತೇನೆ. ಮಾಲೀಕ ಮತ್ತು ಕಾರ್ಮಿಕರ ಬಗ್ಗೆ ಇಷ್ಟು ವಾದಿಸುವ ಈ ಕತೆ, ಹತ್ತಿ ಬೆಳೆದವರು ಯಾರು ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಆ ಕಾಲದಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿ ಸೀಮೆಯಾದ ಲ್ಯಾಂಕಾಶೈರಿಗೆ ಬರುತ್ತಿದ್ದ ಹತ್ತಿಯಲ್ಲಿ ಬಹುಪಾಲು ಅಮೆರಿಕದ ಗುಲಾಮರು ಬೆಳೆದದ್ದು. 1861ರಲ್ಲಿ ಅಲ್ಲಿ ಯುದ್ಧ ಆರಂಭವಾದಾಗ ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಹತ್ತಿಯ ಮೇಲೂ ಕಾರವಾರದ ಬಂದರಿನ ಮೇಲೂ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು.

ಮುಂಗಾರು ಅವರ ಮರುಮಾತು:

ಕಾನೂನಿನ ಅಂಶವನ್ನು ನಾನು ಯೋಚಿಸಿಯೇ ಇರಲಿಲ್ಲ. ಸುಲಭದ ದಾರಿ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ತಕರಾರು ಉಳಿದಿದೆ. ಗ್ಯಾಸ್ಕೆಲ್ ಅವರು ಯಾರ ಜೀವನಚರಿತ್ರೆಯನ್ನು 1857ರಲ್ಲಿ ಪ್ರಕಟಿಸಿದರೋ ಆ ಷಾರ್ಲಟ್ ಬ್ರಾಂಟಿ ಅವರ ಕಾದಂಬರಿಯ ನಾಯಕಿ ಜೇನ್ ಏರ್‌ಗೂ ಚಿಕ್ಕಪ್ಪನ ಸಾವಿನಿಂದಲೇ 20,000 ಪೌಂಡ್ ಬರುತ್ತದೆ. ಜೇನ್ ಅದನ್ನು ನಾಲ್ಕು ಪಾಲು ಮಾಡಿ ಬಂಧುಗಳಿಗೆ ಹಂಚುತ್ತಾಳೆ, ಮಾರ್ಗರೆಟ್ ಗಿರಣಿಗೆ ಹಾಕಲು ಮುಂದಾಗುತ್ತಾಳೆ. ಇಬ್ಬರೂ ಖರ್ಚು ಮಾಡುವ ರೀತಿಯಲ್ಲಿ ದಿಟ್ಟರು, ನಿಜ. ಹಾಗಿದ್ದರೆ ಥಾರ್ನ್‌ಟನ್ ಅಂಗಡಿಯಲ್ಲಿ ದುಡಿದು ಗಳಿಸಿದಂತೆ ಗಳಿಸುವ ನಾಯಕಿಯೊಬ್ಬಳು ಈ ಬಗೆಯ ಕತೆಗಳಲ್ಲಿ ಎಲ್ಲಿ ಸಿಗುತ್ತಾಳೆ ಎಂಬುದನ್ನು ಬಲ್ಲವರು ತಿಳಿಸಬೇಕು.